ಅತ್ತಿಗೆಗೆಂದು ಕೂರಿಸಿದ ಟಬ್ಬು

ಆವತ್ತು ರಜೆ. ನಮ್ಮ ಯಜಮಾನರು ಟೀ ಕುಡಿದು ಎದ್ದವರೇ ಹಿಂದಿನ ಕೋಣೆಯ ಕಾಂಕ್ರೀಟ್ ನೆಲಕ್ಕೆ ಒಂದು ಬಿಂದಿಗೆ ನೀರು ಸುರಿದರು. ಕುಕ್ಕರುಗಾಲಲ್ಲಿ ಕೂತು ಅದು ಎತ್ತ ಹೋಗುತ್ತೆ ಅಂತ ನೋಡಿದರು. ನೀರು ಹೊರಗೆ ಹೋಗುವ ಕಿಂಡಿಯ ಕಡೆ ಹರಿಯಬೇಕಿತ್ತು. ಅದು ಗೋಡೆಯ ಕಡೆ ಹೋಯಿತು. ಆಮೇಲೆ ಏನೋ ಮರೆತು ಬಂದವರ ಹಾಗೆ ವಾಪಸ್ ಬಂದು ನಡುವೆ ನಿಂತುಕೊಂಡಿತು.

"ಯಾವ ಪುಣ್ಯಾತ್ಮ ಹಾಕಿದ್ನೋ ಈ ನೆಲಾನ," ಅಂದರು. "ಹಾಕಿಲ್ಲ ಕಣೇ ಇದನ್ನ. ಚೆಲ್ಲಿ ಓಡಿಹೋಗಿದಾನೆ."

ಮುಂದಿನ ಕೋಣೆಯ ಮಂಚದಿಂದ ಅತ್ತಿಗೆ ಕೂಗಿದರು. ಅತ್ತಿಗೆ ಅಂದರೆ ಇವರ ಅಕ್ಕ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಕೆಲಸ ಶುರುವಾಗೋ ಮುಂಚೇನೇ ನಿನ್ನ ನೆಪ ಶುರು ಆಯ್ತಾ?"

"ನಿಜವಾಗ್ಲೂ ಡೊಂಕಿದೆ ಕಣಕ್ಕ. ಬೇಕಾದ್ರೆ ಬಂದು ನೋಡು."

"ಬಂದು ನೋಡೋ ಕಾಲು ಇದ್ದಿದ್ರೆ ನಿನ್ನ ಟಬ್ಬು ಯಾತಕ್ಕೋ ಬೇಕಿತ್ತು ನಂಗೆ, ಮಂಕೇ?"

ಅದೇ ದಿನ ಸಂಜೆ ಇವರು ಸತ್ತರು.

ಇವರದು ಕೊಳಾಯಿ ಕೆಲಸ. ಅದರಲ್ಲೂ ಸ್ನಾನದ ಟಬ್ಬು ಕೂರಿಸುವುದಕ್ಕೆ ಅಂತ ಜನ ಹುಡುಕಿಕೊಂಡು ಬರುತ್ತಿದ್ದರು. ಊರಲ್ಲಿ ಎಷ್ಟೋ ದೊಡ್ಡ ಮನೆಗಳಲ್ಲಿ ಇವರು ಕೂರಿಸಿದ ಟಬ್ಬುಗಳಿವೆ. ನಮ್ಮ ಮನೆಯಲ್ಲಿ ನಾವು ಬಕೆಟ್ಟಿನಲ್ಲೇ ಸ್ನಾನ ಮಾಡಿದವರು. ಇವರು ಟಬ್ಬಿನಲ್ಲಿ ಒಂದು ದಿನವೂ ಸ್ನಾನ ಮಾಡಲಿಲ್ಲ, ಆದರೆ ಕೂರಿಸಿದ ಒಂದೊಂದರಲ್ಲೂ ಮಲಗಿ ಎದ್ದಿದ್ದರು. ಅದು ಇವರ ಪರೀಕ್ಷೆ. ಗಾರೆ ಒಣಗಿದ ಮೇಲೆ ಬಟ್ಟೆ ಸಮೇತ ಖಾಲಿ ಟಬ್ಬಿನಲ್ಲಿ ಅಂಗಾತ ಮಲಗಿ, ಕಣ್ಣು ಮುಚ್ಚಿ, ಆ ಕಡೆ ಈ ಕಡೆ ಮಗ್ಗುಲಾಗುತ್ತಿದ್ದರು. ತಗಡು ಎಲ್ಲೂ ಟಪ್ ಅನ್ನಬಾರದು. ಒಂದು ಸಲ ಹೀಗೆ ಮಲಗಿದ್ದವರಿಗೆ ನಿದ್ದೆಯೇ ಹತ್ತಿಬಿಟ್ಟಿತ್ತಂತೆ. ಆ ಮನೆಯ ಯಜಮಾನಿ ಬಾಗಿಲು ತೆಗೆದವಳು ಹೆಣ ಅಂದುಕೊಂಡು ಕಿರುಚಿದಳಂತೆ. ಇವರು ಎದ್ದು ಕೂತು, "ಮಟ್ಟ ಸರಿಯಾಗಿದೆ ಅಮ್ಮಾವ್ರೇ, ಸುಖವಾಗಿ ನಿದ್ದೆ ಬಂತು," ಅಂದರಂತೆ. ಇದನ್ನು ಹೇಳಿಕೊಂಡು ಅದೆಷ್ಟು ದಿನ ನಕ್ಕರೋ.

ಇವರ ಅಪ್ಪ ಅಮ್ಮ ಇವರ ಚಿಕ್ಕಂದಿನಲ್ಲೇ ಹೋದರು. ಸಾಕಿದ್ದು ಅಕ್ಕ. ಅತ್ತಿಗೆ ಒಂದು ವಸತಿಗೃಹದಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದರು. ದಿನವಿಡೀ ತಣ್ಣೀರಲ್ಲಿ, ಕಲ್ಲಿನ ಮೇಲೆ ನಿಂತ ಕೆಲಸ. ಹಾಸಿಗೆಯ ಬಟ್ಟೆ ಹಿಂಡಿ ಹಿಂಡಿ ತೋಳು ಗಂಡಸಿನ ತೋಳಾಯಿತು, ಕಾಲು ಕೆಟ್ಟವು. ಮದುವೆ ಅಂತ ಯಾರಾದರೂ ಕೇಳಿದರೆ, "ಇವನೊಂದು ಕಸುಬು ಕಲೀಲಿ, ಆಮೇಲೆ," ಅನ್ನುತ್ತಿದ್ದರಂತೆ. ಇವರು ಕಸುಬು ಕಲಿಯುವ ಹೊತ್ತಿಗೆ ಕೇಳುವವರೇ ಇರಲಿಲ್ಲ. ನಾನು ಈ ಮನೆಗೆ ಬಂದಾಗಲೇ ಅವರು ಗೋಡೆ ಹಿಡಿದು ನಡೆಯುತ್ತಿದ್ದರು. ಆಮೇಲೆ ಅದೂ ನಿಂತು ಮಂಚವೇ ಮನೆಯಾಯಿತು. ಬಾಯಿಗೆ ಮಾತ್ರ ಯಾವ ರೋಗವೂ ಬರಲಿಲ್ಲ. ಮಲಗಿದಲ್ಲಿಂದಲೇ ಮನೆ ನಡೆಸುತ್ತಿದ್ದರು. ಇವರು ಅವರನ್ನು ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಮೂವರೇ.

ಆಸ್ಪತ್ರೆಯಿಂದ ಒಬ್ಬ ಹೆಂಗಸು ಬಂದು ಅತ್ತಿಗೆಯ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಒಳ್ಳೆಯವಳು. ಮೊಣಕಾಲು ಮುಟ್ಟಿದರೆ ಅತ್ತಿಗೆ ಬೀದಿಗೆ ಕೇಳುವ ಹಾಗೆ ಕಿರುಚುತ್ತಿದ್ದರು. ಒಂದು ದಿನ ಅವಳು ಇವರನ್ನು ಪಕ್ಕಕ್ಕೆ ಕರೆದು ಹೇಳಿದಳು: "ಹೀಗೆ ಆಗಲ್ಲ. ಬೆಚ್ಚಗಿನ ನೀರಲ್ಲಿ ಎದೆವರೆಗೂ ಕೂರಿಸಿ, ನೀರೊಳಗೇ ಕಾಲು ಮಡಿಸಿ ಬಿಡಿಸಬೇಕು. ದಿನಾ. ಈಗ ಶುರು ಮಾಡಿದರೆ ಉಂಟು. ಮಂಡಿ ಹೀಗೇ ಕಚ್ಚಿಕೊಂಡುಬಿಟ್ಟರೆ ಆಮೇಲೆ ನಾನೂ ಇಲ್ಲ, ಡಾಕ್ಟರೂ ಇಲ್ಲ."

ಊರಲ್ಲಿ ಒಂದು ಹಳೇ ವಸತಿಗೃಹವನ್ನು ಯಾರೋ ಒಡೆಸುತ್ತಿದ್ದರು. ಅಲ್ಲಿ ಗುಜರಿಗೆ ಹಾಕಿದ್ದ ಒಂದು ಟಬ್ಬನ್ನು ಇವರು ತಳ್ಳುಗಾಡಿಯಲ್ಲಿ ತಂದರು. ಇವರ ಗೆಳೆಯ, ಗಾರೆ ಕೆಲಸದವನು, ಹಿಂದಿನಿಂದ ತಳ್ಳಿಕೊಂಡು ಬಂದ. ಅವನು ಕುಳ್ಳ, ಹೊಟ್ಟೆ ಮುಂದೆ. ಎಲ್ಲರೂ ಡ್ರಮ್ಮು ಅಂತ ಕರೆಯುತ್ತಾರೆ, ಅವನೂ ಓ ಅನ್ನುತ್ತಾನೆ. ಅತ್ತಿಗೆ ಮಂಚದಿಂದ ನೋಡಿ, "ಇಬ್ಬರಲ್ಲಿ ಟಬ್ಬು ಯಾವುದೋ?" ಅಂದರು. ಡ್ರಮ್ಮು, "ಅಕ್ಕಾ, ನನ್ನಲ್ಲಿ ನೀರು ನಿಲ್ಲಲ್ಲ," ಅಂದ.

ಟಬ್ಬನ್ನು ಗೋಡೆಗೆ ಒರಗಿಸಿ ಅವನು ಹೋದ. ಕೂರಿಸುವ ಕೆಲಸ ರಜೆಯ ದಿನಕ್ಕೆ ಉಳಿಯಿತು. ಆ ದಿನ ಇವರ ಜೊತೆ ಕೈ ಜೋಡಿಸಿದವಳು ನಾನೇ.

ಆ ಟಬ್ಬಿಗೆ ಕಾಲಿಲ್ಲ. ತೆಳ್ಳಗಿನ ಕಬ್ಬಿಣದ ತಗಡು, ಮೇಲೆ ಬಿಳಿ ಪಿಂಗಾಣಿ ಲೇಪ. ಹೊಟ್ಟೆಯ ಅಡಿ ಪೂರ್ತಿ ಗಾರೆ ಸಿಗಬೇಕು. ಎಲ್ಲಾದರೂ ಪೊಳ್ಳು ಉಳಿದರೆ ಅಲ್ಲಿ ತಗಡು ಬಗ್ಗುತ್ತೆ, ಲೇಪ ಬಿರುಕು ಬಿಡುತ್ತೆ. ಇವರು ಬರಿಗಾಲಲ್ಲಿ ಕೋಣೆಯೆಲ್ಲ ಓಡಾಡಿ, ಎಲ್ಲಿ ಉಬ್ಬಿದೆ ಅಂತ ಪಾದದಲ್ಲೇ ಕಂಡುಹಿಡಿದು, ಇದ್ದಲಿನಿಂದ ಗೆರೆ ಎಳೆದರು. ಉಳಿ ಹಿಡಿದು ಉಬ್ಬು ಕೆತ್ತಿದರು. ಮಧ್ಯಾಹ್ನದವರೆಗೂ ಅದೇ ಸದ್ದು. ನಾನು ಮರಳು ಜರಡಿ ಹಿಡಿದೆ, ಸಿಮೆಂಟು ಕಲೆಸಿದೆ. ಕೈ ಉರಿಯಿತು.

"ನೀರು ಜಾಸ್ತಿ ಹಾಕ್ಬೇಡ. ಕೈಯಲ್ಲಿ ಹಿಡಿದರೆ ನಿಲ್ಲಬೇಕು."

"ನಿಮಗೆ ಅಡುಗೆ ಮಾಡಿ ಹಾಕ್ತಿರೋಳು ನಾನು. ಹದ ನನಗೆ ಹೇಳಿಕೊಡಬೇಡಿ."

"ಅದಕ್ಕೇ ಹೇಳಿದ್ದು," ಅಂದರು.

ನೆಲದ ಮೇಲೆ ಗಾರೆಯನ್ನು ಗುಪ್ಪೆ ಗುಪ್ಪೆಯಾಗಿ ಇಟ್ಟರು. ಇಬ್ಬರೂ ಸೇರಿ ಟಬ್ಬು ಎತ್ತಿ ಅದರ ಮೇಲೆ ಇಳಿಸಿದೆವು. ರಸಮಟ್ಟ ಅಂಚಿನ ಮೇಲಿಟ್ಟು, ಅದರ ಗಾಜಿನೊಳಗಿನ ಗುಳ್ಳೆ ನಡುವೆ ಬರುವವರೆಗೂ ಅಲ್ಲಲ್ಲಿ ಅಂಗೈಯಿಂದ ಒತ್ತಿದರು. ನೀರು ಹೋಗುವ ತೂತಿನ ಕಡೆಗೆ ಒಂದು ಕೂದಲೆಳೆ ಇಳಿಜಾರು ಉಳಿಸಿದರು. ಆಮೇಲೆ ಬಕೆಟ್ಟು ಬಕೆಟ್ಟು ನೀರು ಹೊತ್ತು ಟಬ್ಬು ತುಂಬಿಸಿದೆವು. ಹಸಿ ಗಾರೆಯ ಮೇಲೆ ನೀರಿನ ಭಾರ ಎಲ್ಲಾ ಕಡೆ ಒಂದೇ ಸಮ ಬೀಳುತ್ತೆ. ತುಂಬಿದ ಟಬ್ಬು ಹೇಗೆ ಕೂತಿರುತ್ತೋ ಹಾಗೇ ಗಾರೆ ಗಟ್ಟಿಯಾಗುತ್ತೆ. ಮಾರನೇ ದಿನದವರೆಗೂ ಒಂದು ತಂಬಿಗೆ ನೀರೂ ತೆಗೆಯಬಾರದು, ಅಂಚು ಮುಟ್ಟಬಾರದು. ಇದು ಇವರ ಕ್ರಮ.

ಕಡೆಗೆ ಗಾರೆ ಮೆತ್ತುವ ಕರಣೆಯನ್ನು ತೊಳೆಯದೆ ಹಾಗೇ ಅಂಚಿನ ಮೇಲೆ ಮಗುಚಿ ಇಟ್ಟರು. ಇವರ ಕಸುಬಿನವರಲ್ಲಿ ಅದೊಂದು ರೂಢಿ. ಗಾರೆಯವರು, ಕೊಳಾಯಿಯವರು, ನೆಲಕ್ಕೆ ಕಲ್ಲು ಹಾಸುವವರು, ಯಾರೇ ಆಗಲಿ, ಮಗುಚಿಟ್ಟ ಕರಣೆ ಕಂಡರೆ ಅಲ್ಲಿ ಕಾಲಿಡುವುದಿಲ್ಲ. ಕೆಲಸ ಹಸಿ ಇದೆ ಅಂತ ಅರ್ಥ. "ಹಲಗೆ ಬರೆದು ಹಾಕಿದರೆ ನಮ್ಮವರಲ್ಲಿ ಓದೋರು ಯಾರು?" ಅನ್ನುತ್ತಿದ್ದರು.

ಸಂಜೆ ಹಿಂದಿನ ಬೀದಿಯ ಒಂದು ಮನೆಯಿಂದ ಕರೆಯಲು ಬಂದರು. ಗೋಡೆಯೊಳಗಿನ ಪೈಪು ಒಡೆದು ನೀರು ಕೋಣೆಯೆಲ್ಲ ತುಂಬುತ್ತಿದೆಯಂತೆ. ಇವರು ಒದ್ದೆ ಅಂಗಿಯಲ್ಲೇ ಹೊರಟರು. "ಈಗ ಬಂದೆ. ಟಬ್ಬಿನ ಹತ್ತಿರ ಯಾರೂ ಹೋಗ್ಬೇಡಿ," ಅಂದರು. ಅತ್ತಿಗೆ, "ನಾನು ಕಾವಲಿದೀನಿ, ಓಡಿ ಹೋಗ್ತೀನಾ?" ಅಂದರು.

ಆ ಮನೆಯವರು ಕರೆಂಟು ಆಫ್ ಮಾಡಿದ್ದೇವೆ ಅಂದರಂತೆ. ಆಫ್ ಮಾಡಿದ್ದು ಬೇರೆ ಕೋಣೆಯ ಸ್ವಿಚ್ಚು. ಗೋಡೆ ಒದ್ದೆ, ಕೈಯಲ್ಲಿ ಕಬ್ಬಿಣದ ಉಳಿ, ಗೋಡೆಯೊಳಗೆ ತಂತಿ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಏನೂ ಇಲ್ಲ.

ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ, ದೇಹ ನಾಳೆ ಕೊಡುತ್ತೇವೆ ಅಂದರು. ನಾನು ಅಲ್ಲಿದ್ದಾಗ ಇಲ್ಲಿ ಮನೆ ತುಂಬಾ ಜನ ಸೇರಿದರು. ಆಮೇಲೆ ನಡೆದದ್ದೆಲ್ಲ ನನಗೆ ಅತ್ತಿಗೆ ಹೇಳಿದ್ದು, ಉಳಿದವರು ಹೇಳಿದ್ದು. ಎಲ್ಲಾ ಸೇರಿಸಿ ಬರೆಯುತ್ತೇನೆ.

ಮೊದಲು ಬಂದವಳು ಪಕ್ಕದ ಮನೆಯ ಹೊಲಿಗೆಯವಳು. ನನ್ನ ಮೇಲೆ ಪ್ರಾಣ ಇಟ್ಟುಕೊಂಡವಳು. ಜನ ಬರುತ್ತಾರೆ ಅಂತ ಮನೆ ಗುಡಿಸಿದಳು. ಹಿಂದಿನ ಕೋಣೆಯಲ್ಲಿ ಗಾರೆಯ ಬಾಂಡ್ಲಿ, ಜರಡಿ, ಸುತ್ತಿಗೆ ಎಲ್ಲಾ ಚೆಲ್ಲಾಪಿಲ್ಲಿ ಬಿದ್ದಿತ್ತು. ಪಾಪ ಅವಸರದಲ್ಲಿ ಹಾಗೇ ಬಿಟ್ಟು ಹೋದರಲ್ಲ ಅಂತ ಅತ್ತುಕೊಂಡೇ ಒಂದೊಂದನ್ನೂ ಎತ್ತಿಟ್ಟಳು. ಅಂಚಿನ ಮೇಲಿದ್ದ ಕರಣೆಯನ್ನು ಚೆನ್ನಾಗಿ ತೊಳೆದು, ಒರೆಸಿ, ಇವರ ಚೀಲಕ್ಕೆ ಹಾಕಿದಳು. ಹೊಲಿಗೆಯವಳಿಗೆ ಕರಣೆಯ ಮಾತು ಹೇಗೆ ಗೊತ್ತಾಗಬೇಕು?

ಬಂದ ಗಂಡಸರೆಲ್ಲ ಇವರ ಕಸುಬಿನವರೇ. ಕೆಲಸದಿಂದ ನೇರ ಬಂದವರು, ಕೈಕಾಲೆಲ್ಲ ಸಿಮೆಂಟು. ನಲ್ಲಿಯಲ್ಲಿ ನೀರಿರಲಿಲ್ಲ. ಹಿಂದಿನ ಕೋಣೆಯಲ್ಲಿ ಟಬ್ಬು ತುಂಬಾ ನೀರಿತ್ತು. ಯಾರೋ ಬಕೆಟ್ಟು ಅದ್ದಿದರು. ಒಬ್ಬರು ಅದ್ದಿದ ಮೇಲೆ ಎಲ್ಲರೂ ಅದ್ದಿದರು.

ಮಂಚದ ಮೇಲಿದ್ದ ಅತ್ತಿಗೆಗೆ ಆ ಸದ್ದು ಕೇಳಿಸಿತು. "ಆ ನೀರು ತೆಗೀಬೇಡ್ರೋ! ಅಡೀಲಿ ಗಾರೆ ಹಸಿ ಇದೆ, ತೆಗೀಬೇಡ್ರೋ!" ಅಂತ ಕೂಗಿದರು. ಸುತ್ತ ಕೂತಿದ್ದ ಹೆಂಗಸರಿಗೆ ಮಾತು ಸರಿಯಾಗಿಯೇ ಕೇಳಿಸಿತು. ಆದರೆ ಸಾಕಿದ ತಮ್ಮ ಸತ್ತ ಹೊತ್ತಲ್ಲಿ ಗಾರೆಯ ಮಾತಾಡುವವಳಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಒಬ್ಬಳು ಬೆನ್ನು ನೀವಿದಳು. ಒಬ್ಬಳು ಕೈ ಹಿಡಿದುಕೊಂಡಳು. "ಅಳಲಿ ಬಿಡ್ರೇ, ಅತ್ತು ಹಗುರಾಗಲಿ," ಅಂದರು. ಅತ್ತಿಗೆ ಎಷ್ಟು ಕೂಗಿದರೋ ಅಷ್ಟು ಗಟ್ಟಿಯಾಗಿ ಆ ಹೆಂಗಸರು ಹಿಡಿದುಕೊಂಡರು. ಎದ್ದು ಹೋಗಲು ಕಾಲಿಲ್ಲ. ಅವರು ನನಗೆ ಆಮೇಲೆ ಅಂದದ್ದು ಇಷ್ಟೇ: "ನಾನು ಆವತ್ತು ಅಳಲೇ ಇಲ್ಲ ಕಣೇ. ಅಳೋಕೆ ಬಿಡುವೇ ಇರಲಿಲ್ಲ."

ನೀರು ಖಾಲಿಯಾದ ಮೇಲೆ, ಕೂರಲು ಜಾಗವಿಲ್ಲದೆ ಗಂಡಸರು ಟಬ್ಬಿನ ಅಂಚಿನ ಮೇಲೆ ಕೂತರು. ಬಾಗಿಲ ಕಡೆಯ ತುದಿಯಲ್ಲಿ, ಒಬ್ಬರ ಪಕ್ಕ ಒಬ್ಬರು. ಒಳಗೆ ನೀರಿಲ್ಲ, ಇನ್ನೊಂದು ತುದಿಯಲ್ಲಿ ತಡೆಯುವ ಭಾರವಿಲ್ಲ. ಟಬ್ಬು ಸದ್ದಿಲ್ಲದೆ ಆ ತುದಿಗೆ ಇಳಿಯಿತು. ನಾನು ಮನೆಗೆ ಬಂದಾಗ ನನ್ನನ್ನು ಕಂಡು ಅವರೆಲ್ಲ ಎದ್ದು ನಿಂತರು. ಟಬ್ಬು ಓರೆಯಾಗಿರುವುದು ನನ್ನ ಕಣ್ಣಿಗೆ ಬಿತ್ತು. ತಲೆಗೆ ಹೋಗಲಿಲ್ಲ.

ಎಲ್ಲಾ ಮುಗಿದ ಮೇಲೆ ಡ್ರಮ್ಮು ಬಂದ. ಇವರ ಚೀಲದಿಂದ ರಸಮಟ್ಟ ತೆಗೆದು ಅಂಚಿನ ಮೇಲಿಟ್ಟ. ಗುಳ್ಳೆ ಒಂದು ತುದಿಗೆ ಹೋಗಿ ಅಂಟಿಕೊಂಡಿತು. ಬಗ್ಗಿ ಅಡಿಯಲ್ಲಿ ನೋಡಿದ. ಗಾರೆ ಕಲ್ಲಾಗಿತ್ತು. ನೆಲದ ಮೇಲೆ ಹಾಗೇ ಕೂತುಬಿಟ್ಟ.

"ಇದು ಆವತ್ತೇ ಕೂರಿಸಿದ್ದಾ ತಂಗಿ?"

"ಹೂಂ."

"ನಾನೇ ಕೂತಿದ್ನಲ್ಲ ಇಲ್ಲಿ. ನನ್ನ ಈ ಭಾರ... ಕರಣೆ ಇಟ್ಟಿರಲಿಲ್ವಾ ಅವನು?"

"ಇಟ್ಟಿದ್ದರು. ಎತ್ತಿಟ್ಟರು."

"ಕರಣೆ ಕಂಡಿದ್ರೆ ನನ್ನ ಹೆಣಾನೂ ಕೂರ್ತಿರಲಿಲ್ಲ," ಅಂದ. ತಲೆ ಚಚ್ಚಿಕೊಂಡ. ಅವನನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬಂತು. ಆಮೇಲೆ ಅವನೇ ಹೇಳಿದ: ಒಡೆದು ಮತ್ತೆ ಕೂರಿಸಬಹುದು. ಆದರೆ ಗಾರೆ ತಗಡನ್ನು ಕಚ್ಚಿಕೊಂಡಿದೆ. ಉಳಿ ಹಾಕಿದರೆ ತಗಡು ಹರಿಯಬಹುದು. ಹರಿದರೆ ಟಬ್ಬೇ ಹೋಯಿತು. "ಅವನಾಗಿದ್ರೆ ಬಿಡಿಸ್ತಿದ್ದ. ನನ್ನ ಕೈ ಅಷ್ಟು ಹಗುರ ಇಲ್ಲ ತಂಗಿ."

ನಾನು ಬೇಡ ಅಂದೆ. ಓರೆಯಾಗಿದ್ದರೆ ಇರಲಿ, ನೀರು ನಿಲ್ಲುತ್ತಲ್ಲ. ಆದರೆ ಅತ್ತಿಗೆ ಟಬ್ಬಿಗೆ ಇಳಿಯಲು ಒಪ್ಪಲಿಲ್ಲ. ನಾನು ನೀರು ಕಾಯಿಸಿದ ದಿನವೆಲ್ಲ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನೀರು ತಣ್ಣಗಾಗುತ್ತಿತ್ತು. ನಾನು ಚೆಲ್ಲುತ್ತಿದ್ದೆ. ಮೇಸ್ತ್ರಿಯ ಬಾಯಿ ಮುಚ್ಚಿಹೋಗಿತ್ತು. ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಸದ್ದಿಲ್ಲ.

ವ್ಯಾಯಾಮದ ಹೆಂಗಸು ಬಂದು ಮಂಡಿ ಮುಟ್ಟಿ ನೋಡಿದಳು. ಅತ್ತಿಗೆ ಕಿರುಚಲೂ ಇಲ್ಲ. ಅವಳು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ನನಗೆ ಹೇಳಿದಳು, "ಬಲಗಾಲು ಆಗಲೇ ಮರ ಆಗ್ತಿದೆ. ಇನ್ನೂ ತಡ ಮಾಡಿದರೆ ನಾನು ಬರೋದು ದಂಡ."

ನಾನು ಒಳಗೆ ಹೋದೆ.

"ಏಳಿ ಅತ್ತಿಗೆ. ನೀರು ಕಾದಿದೆ."

"ನಂಗೆ ಬೇಡ."

"ಯಾಕೆ ಬೇಡ?"

"ಅದನ್ನ ನನ್ನ ಕಾಲಿಗೆ ಅಂತ ಮಾಡಿ ಸುಸ್ತಾಗಿದ್ದ. ಬೆಳಗಿಂದ ಉಳಿ ಹೊಡೆದಿದ್ದ. ಸುಸ್ತಾದವನ ಕೈ ತಪ್ಪಿತು. ನಾನು ಆ ನೀರಲ್ಲಿ ಹೆಂಗೆ ಕೂರಲಿ?"

"ಕೈ ತಪ್ಪಲಿಲ್ಲ. ಸ್ವಿಚ್ಚು ತಪ್ಪಿದ್ದು. ಟಬ್ಬು ಅವರನ್ನ ಕೊಂದಿಲ್ಲ, ಕರೆಂಟು ಕೊಂದಿದ್ದು. ಇದನ್ನ ನಾನು ಇನ್ನೊಂದು ಸಲ ಹೇಳಲ್ಲ."

ಅವರು ಮುಖವನ್ನು ಗೋಡೆಗೆ ತಿರುಗಿಸಿದರು. ನನಗೆ ಸಿಟ್ಟು ಬಂತು. "ನೋಡಿ ಅತ್ತಿಗೆ. ನಿಮ್ಮನ್ನ ಎತ್ತುತ್ತಿದ್ದವರು ಅವರು. ಈಗ ಎತ್ತೋಳು ನಾನೊಬ್ಬಳೇ. ನಿಮ್ಮ ಕಾಲು ಮರ ಆದ್ರೆ ಆ ಮರ ಹೊರೋದು ಯಾರು? ನಿಮ್ಮ ತಮ್ಮನಿಗೋಸ್ಕರ ಇಳೀಬೇಡಿ. ನಿಮಗೋಸ್ಕರಾನೂ ಬೇಡ. ನನ್ನ ಸೊಂಟಕ್ಕೋಸ್ಕರ ಇಳೀರಿ."

ಮುಖ ಈ ಕಡೆ ತಿರುಗಿತು. "ಎಷ್ಟು ಒರಟು ಮಾತಾಡ್ತೀಯೇ ನೀನು," ಅಂದರು.

"ನಿಮ್ಮ ಹತ್ತಿರವೇ ಕಲಿತಿದ್ದು."

ಡ್ರಮ್ಮು ಒಂದು ಹಲಗೆ ಮಾಡಿಕೊಟ್ಟಿದ್ದ, ಟಬ್ಬಿನ ಎರಡೂ ಅಂಚಿಗೆ ಅಡ್ಡ ಹಾಕಲು. ಕುರ್ಚಿಯಿಂದ ಹಲಗೆಗೆ, ಹಲಗೆಯಿಂದ ನೀರಿಗೆ. ಅಷ್ಟಕ್ಕೇ ನನಗೆ ಕಣ್ಣು ಕತ್ತಲೆ ಬಂತು. ನೀರಿಗೆ ಇಳಿದವರು ಮೆಲ್ಲಗೆ ಜಾರಿ ತಲೆಯ ಕಡೆಗೆ, ಇಳಿದಿದ್ದ ತುದಿಗೆ ಹೋಗಿ ಒರಗಿದರು. ನೀರು ಗಂಟಲವರೆಗೆ ಬಂತು. ಹೆದರಿ ನನ್ನ ಕುತ್ತಿಗೆ ಹಿಡಿದುಕೊಂಡರು. ಆಮೇಲೆ ನಿಧಾನಕ್ಕೆ ಬಿಟ್ಟರು.

ಆಗ ಅತ್ತರು. ತಮ್ಮ ಸತ್ತ ಮೇಲೆ ಅದೇ ಮೊದಲು. ಬಾಯಿ ದೊಡ್ಡದು ಮಾಡಿಕೊಂಡು, ಹಸುಗೂಸಿನ ಹಾಗೆ. ನಾನು ಅವರ ಎಡಗಾಲನ್ನು ನೀರೊಳಗೆ ಹಿಡಿದು ಮಡಿಸಿದೆ, ಬಿಡಿಸಿದೆ. ಮಡಿಸಿದೆ, ಬಿಡಿಸಿದೆ. ಅಳು ನಿಲ್ಲುವುದನ್ನು ಕಾಯಲಿಲ್ಲ. ಕಾದರೆ ನೀರು ಆರುತ್ತೆ.

ಎಡಗಾಲು ಬಿಟ್ಟಿತು. ಪೂರ್ತಿ ಅಲ್ಲ, ಕುರ್ಚಿಯಲ್ಲಿ ಇಳಿಬಿಟ್ಟು ಕೂರುವಷ್ಟು. ಬಲಗಾಲು ಬಿಡಲಿಲ್ಲ. ವ್ಯಾಯಾಮದ ಹೆಂಗಸು ಆಮೇಲೂ ಬಂದಳು, ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ತಲೆ ಆಡಿಸಿದಳು. ಅದು ಮಡಿಸಿದ ಹಾಗೇ ಇದೆ. ಇನ್ನು ಹಾಗೇ ಇರುತ್ತೆ. ಅತ್ತಿಗೆ ಮತ್ತೆ ನಿಲ್ಲುವುದಿಲ್ಲ. ಸುಮ್ಮನೆ ಹೋದ ಆ ದಿನಗಳು ಸುಮ್ಮನೆ ಹೋಗದಿದ್ದರೆ ಅದೂ ಬಿಡುತ್ತಿತ್ತೇನೋ. ಯಾರನ್ನು ಕೇಳಲಿ? ಹೊಲಿಗೆಯವಳಿಗೆ ನಾನು ಕರಣೆಯ ವಿಷಯ ಹೇಳಿಲ್ಲ. ಹೇಳುವುದೂ ಇಲ್ಲ. ಅವಳು ಓದುವುದಿಲ್ಲ, ಹಾಗಾಗಿ ಇಲ್ಲಿ ಬರೆದಿದ್ದೇನೆ.

ಎಡಗಾಲು ಮತ್ತೆ ಕಚ್ಚಿಕೊಳ್ಳಬಾರದು ಅಂತ ಈಗಲೂ ದಿನಾ ನೀರಿಗೆ ಇಳಿಸುತ್ತೇನೆ. ಬೆಳಿಗ್ಗೆ, ನಾನು ಕೆಲಸಕ್ಕೆ ಹೋಗುವ ಮುಂಚೆ. ನಾನು ಒಂದು ಇಸ್ತ್ರಿ ಅಂಗಡಿಗೆ ಹೋಗುತ್ತೇನೆ. ಅವರನ್ನು ಎತ್ತಿ, ಒರೆಸಿ, ಕುರ್ಚಿಯಲ್ಲಿ ಕೂರಿಸಿ, ಟಬ್ಬಿನ ಬಿರಡೆ ಎಳೆಯುತ್ತೇನೆ. ಎತ್ತರದ ತುದಿಯಲ್ಲಿ ಉಳಿದ ತೂತು ತನ್ನ ಪಾಲಿನ ನೀರು ಕುಡಿದು ಸುಮ್ಮನಾಗುತ್ತೆ. ಉಳಿದದ್ದು ಇಳಿದ ತುದಿಯಲ್ಲಿ ನಿಲ್ಲುತ್ತೆ, ಸೋಪಿನ ಬೂದು ನೀರು. ಬಿಟ್ಟರೆ ತಗಡು ತುಕ್ಕು ಹಿಡಿಯುತ್ತೆ. ಸೀರೆ ಎತ್ತಿ ಕಟ್ಟಿ ಒಳಗೆ ಇಳಿದು ಕೂರುತ್ತೇನೆ. ಒಂದು ಲೋಟದಲ್ಲಿ ಮೊಗೆದು ಬಕೆಟ್ಟಿಗೆ ಹಾಕುತ್ತೇನೆ. ಲೋಟಕ್ಕೆ ಸಿಗದಷ್ಟಾದ ಮೇಲೆ ಬಟ್ಟೆ ಹಾಕಿ ಹೀರಿಸಿ ಹಿಂಡುತ್ತೇನೆ.

"ಮೂಲೇಲಿ ಒರೆಸಿದ್ಯಾ?" ಅಂತ ಅತ್ತಿಗೆ ಕೇಳುತ್ತಾರೆ.

"ಒರೆಸ್ತಾ ಇದೀನಿ."

"ಒರೆಸ್ತಾ ಇರೋದಲ್ಲ, ಒರೆಸಿದ್ಯಾ ಅಂತ ಕೇಳಿದ್ದು."

ಇನ್ನೊಂದು ಸಲ ಬಟ್ಟೆ ಹಾಕುತ್ತೇನೆ. ಹಿಂಡುತ್ತೇನೆ. ಬಕೆಟ್ಟು ಎತ್ತಿಕೊಂಡು ಹೋಗಿ ಹೊರಗಿನ ಚರಂಡಿಗೆ ಚೆಲ್ಲುತ್ತೇನೆ.